ಚಳಿಜ್ವರದ ಮಾತ್ರೆ: ಅಳತೆ ತಪ್ಪದಿರಲಿ, ನಡುವೆ ನಿಲ್ಲದಿರಲಿ



ಬೆಳೆಗೆ ಔಷಧಿ ಹೊಡೆಯುವಾಗ ಲೀಟರು ನೀರಿಗೆ ಎಷ್ಟು ಮಿಲಿ ಲೀಟರು ಬೆರೆಸಬೇಕು, ಎಷ್ಟು ದಿನಗಳ ಅಂತರದಲ್ಲಿ ಮತ್ತೆ ಹೊಡೆಯಬೇಕು ಎಂಬುದನ್ನು ನೀವು ಕೇಳಿ ತಿಳಿದು ಮಾಡುತ್ತೀರಿ. ಆದರೆ ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ, ಅಂಗಡಿಯಿಂದ ತಂದ ಎರಡು ಮಾತ್ರೆ ನುಂಗಿಸಿ, ಜ್ವರ ಇಳಿದ ಕೂಡಲೇ ಉಳಿದ ಮಾತ್ರೆಗಳನ್ನು ಗೂಡಿನಲ್ಲಿಟ್ಟು ಗದ್ದೆಗೆ ಹೊರಡುವುದು ಇಂದಿಗೂ ಹಲವು ಮನೆಗಳ ರೂಢಿ. ಮಲೇರಿಯಾ ರೋಗದ ವಿಷಯದಲ್ಲಿ ಈ ರೂಢಿ ಜೀವಕ್ಕೆ ಅಪಾಯ ತರಬಲ್ಲದು. ಮಲೇರಿಯಾ ಮಾತ್ರೆಗಳನ್ನು ಹೇಗೆ ತೆಗೆದುಕೊಳ್ಳಬೇಕು, ಯಾವಾಗ ಎಚ್ಚರಿಕೆ ವಹಿಸಬೇಕು ಎಂಬುದನ್ನು ತರೀಕೆರೆ, ಕಡೂರು ಮತ್ತು ಅಜ್ಜಂಪುರ ಸೀಮೆಯ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಬೇಸಾಯ ಶಾಸ್ತ್ರದವರು ಜ್ವರದ ವಿಷಯ ಬರೆಯುವುದೇಕೆಂದು ಕೆಲವರು ಕೇಳಬಹುದು. ನೀರು, ಕೂಲಿ ಮತ್ತು ಹಂಗಾಮು ಈ ಮೂರೂ ಮಲೇರಿಯಾದೊಂದಿಗೆ ಹೆಣೆದುಕೊಂಡಿರುವುದರಿಂದ ಇದು ಬೇಸಾಯದ ವಿಷಯವೂ ಹೌದು.

ನೀರಾವರಿಗೂ ಚಳಿಜ್ವರಕ್ಕೂ ಹಳೆಯ ನಂಟು

ಮಲೆನಾಡಿನ ಅಂಚಿನ ಹಳ್ಳಿಗಳ ಹಿರಿಯರಿಗೆ ಚಳಿಜ್ವರದ ಹೆಸರು ಹೊಸದಲ್ಲ. ಜ್ವರದ ಭಯದಿಂದ ಜನ ಊರನ್ನೇ ಬಿಟ್ಟು ಹೋದ ಕಥೆಗಳು ಇಂದಿಗೂ ಕೇಳಿಬರುತ್ತವೆ. ಅಂದಿನ ಮೈಸೂರು ಸಂಸ್ಥಾನವು 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲೊಂದನ್ನು ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲೇ ಸ್ಥಾಪಿಸಿತು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನಾಲೆ ನೀರು ಮಂಡ್ಯ ಸೀಮೆಗೆ ಹರಿದಾಗ, ಬೆಳೆಯ ಜೊತೆಗೆ ಮಲೇರಿಯಾವೂ ಏರಿತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ 1960ರ ದಶಕದಲ್ಲಿ ಪೂರ್ಣಗೊಳ್ಳುವ ಹೊತ್ತಿಗೆ ಕಾಲ ಬದಲಾಗಿತ್ತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವೂ ಪ್ರಾರಂಭವಾಗಿದ್ದವು.

ಈ ಕಾರ್ಯಕ್ರಮಗಳ ಚರಿತ್ರೆಯಲ್ಲಿ ನಮಗೊಂದು ಪಾಠವಿದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1965ರ ವೇಳೆಗೆ ಅದು ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣಗಳಿಗೆ ಇಳಿಯಿತು. ರೋಗ ಹೋಯಿತೆಂದು ಎಲ್ಲರೂ ನೆಮ್ಮದಿಯಿಂದ ಕುಳಿತರು. 1976ರಲ್ಲಿ ಮತ್ತೆ 64 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಕಳೆ ಕಡಿಮೆಯಾಯಿತೆಂದು ಒಂದು ಹಂಗಾಮು ಕಳೆ ಕೀಳದೆ ಬಿಟ್ಟ ಹೊಲದಂತೆ ಆಯಿತು ದೇಶದ ಸ್ಥಿತಿ.

ಈಗ ಮತ್ತೆ ಕರ್ನಾಟಕದಲ್ಲಿ ಮಲೇರಿಯಾ ಬಹಳ ಕಡಿಮೆಯಾಗಿದೆ. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಯೋಜನೆಯಂತೆ 2030ರೊಳಗೆ ದೇಶವನ್ನು ಮಲೇರಿಯಾಮುಕ್ತ ಮಾಡುವ ಗುರಿಯಿದೆ. ಇಂತಹ ಸಮಯದಲ್ಲೇ ಹೆಚ್ಚು ಎಚ್ಚರ ಬೇಕು. ರೋಗ ಅಪರೂಪವಾದಾಗ ಜ್ವರ ಬಂದವರಿಗೆ ಅದರ ಅನುಮಾನವೇ ಬರುವುದಿಲ್ಲ, ಪರೀಕ್ಷೆ ತಡವಾಗುತ್ತದೆ, ಒಬ್ಬರು ಅರ್ಧ ಚಿಕಿತ್ಸೆ ಪಡೆದರೂ ಆ ಊರಿನಲ್ಲಿ ರೋಗ ಮತ್ತೆ ಬೇರೂರುತ್ತದೆ.

ಎಲ್ಲ ಜ್ವರವೂ ಮಲೇರಿಯಾ ಅಲ್ಲ

ನಮ್ಮ ಸೀಮೆಯಲ್ಲಿ ಮಳೆಗಾಲದ ಜ್ವರಕ್ಕೆ ಕಾರಣಗಳು ಹಲವು. ಡೆಂಗ್ಯೂ, ಚಿಕೂನ್‌ಗುನ್ಯ, ಕೆಸರುಗದ್ದೆಯಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರ, ಕಾಡಂಚಿನಲ್ಲಿ ಓಡಾಡುವವರಿಗೆ ಬರುವ ಮಂಗನ ಕಾಯಿಲೆ, ಟೈಫಾಯಿಡ್ ಇವೆಲ್ಲವೂ ಮೊದಮೊದಲು ಒಂದೇ ಬಗೆಯಾಗಿ ಕಾಣಿಸಬಹುದು. ನಡುಕ, ಆಮೇಲೆ ಕಾವು, ಆಮೇಲೆ ಬೆವರು ಎಂಬ ಕ್ರಮವು ಮಲೇರಿಯಾದ ಗುರುತಾದರೂ ಎಲ್ಲರಲ್ಲಿಯೂ ಅದು ಸ್ಪಷ್ಟವಾಗಿ ಕಾಣುವುದಿಲ್ಲ. ಔಷಧಿ ಸಿಂಪಡಿಸಿ ಬಂದ ದಿನವೇ ಬೆವರು, ವಾಂತಿ, ತಲೆಸುತ್ತು ಕಂಡುಬಂದರೆ ಅದು ಕೀಟನಾಶಕದ ವಿಷವೂ ಆಗಿರಬಹುದು. ಅಂತಹ ಸಂದರ್ಭದಲ್ಲಿ ಸಿಂಪಡಿಸಿದ ಔಷಧಿಯ ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸತಕ್ಕದ್ದು.

ಆದುದರಿಂದ ಮೊದಲು ರಕ್ತಪರೀಕ್ಷೆ, ಆಮೇಲೆ ಮಾತ್ರೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಲ್ಲವೆ ತ್ವರಿತ ಪರೀಕ್ಷಾ ಕಿಟ್ಟಿನಿಂದ ಸುಮಾರು 15-20 ನಿಮಿಷಗಳಲ್ಲಿ ಫಲಿತಾಂಶ ತಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಗಳೂ ಉಚಿತ. ಪರೀಕ್ಷೆಗೆ ಮುಂಚೆಯೇ ಒಂದೆರಡು ಮಲೇರಿಯಾ ಮಾತ್ರೆ ನುಂಗಿದರೆ ರಕ್ತದಲ್ಲಿ ರೋಗಾಣುಗಳ ಸಂಖ್ಯೆ ಇಳಿದು, ರೋಗವಿದ್ದರೂ ಇಲ್ಲವೆಂದು ಕಾಣಬಹುದು. ರೋಗ ಯಾವುದೆಂದು ತಿಳಿಯುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನೂ ತೆಗೆದುಕೊಳ್ಳಬೇಡಿ. ಡೆಂಗ್ಯೂ ಇದ್ದಲ್ಲಿ ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಕೊನ್ನಾರಿ ಗಡ್ಡೆಯ ಪಾಠ

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಮಲೇರಿಯಾ ಉಂಟು. ಒಂದು ವೈವ್ಯಾಕ್ಸ್, ಇನ್ನೊಂದು ಫಾಲ್ಸಿಪಾರಂ. ಫಾಲ್ಸಿಪಾರಂ ಬೇಗನೆ ಮಿದುಳು, ಮೂತ್ರಪಿಂಡಗಳಿಗೆ ತೊಂದರೆ ಕೊಟ್ಟು ಕೊಲ್ಲಬಲ್ಲದು. ವೈವ್ಯಾಕ್ಸ್ ಅಷ್ಟು ಬೇಗ ಕೊಲ್ಲದಿದ್ದರೂ ಬೆನ್ನು ಬಿಡದ ಜ್ವರ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ನೆರೆಮನೆಯವರಿಗೆ ಕೊಟ್ಟ ಮಾತ್ರೆ ನಿಮಗೂ ಆಗುತ್ತದೆಂದು ಭಾವಿಸಬಾರದೆಂಬುದಕ್ಕೆ ಮೊದಲ ಕಾರಣ ಇದೇ.

ವೈವ್ಯಾಕ್ಸ್ ರೋಗಾಣುವಿನ ಗುಣವನ್ನು ತಿಳಿಯಲು ನಿಮ್ಮ ಹೊಲದ ಕೊನ್ನಾರಿ ಗಡ್ಡೆಯನ್ನೇ ನೆನೆಯಿರಿ. ಮೇಲಿನ ಎಲೆಯನ್ನು ಎಷ್ಟು ಸಲ ಕೆತ್ತಿದರೂ ನೆಲದೊಳಗಿನ ಗಡ್ಡೆ ಹಾಗೆಯೇ ಉಳಿದು ಒಂದು ಹದ ಮಳೆಗೆ ಮತ್ತೆ ಚಿಗುರುತ್ತದೆ. ವೈವ್ಯಾಕ್ಸ್ ರೋಗಾಣು ಹೀಗೆಯೇ ರಕ್ತದಲ್ಲಿ ಒಂದು ಪಾಲು, ಯಕೃತ್ತಿನಲ್ಲಿ ಮಲಗಿದ ಸ್ಥಿತಿಯಲ್ಲಿ ಇನ್ನೊಂದು ಪಾಲು ಇರುತ್ತದೆ. ಕ್ಲೋರೋಕ್ವಿನ್ ಮಾತ್ರೆಯು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಎರಡು ಮೂರು ದಿನಗಳಲ್ಲಿ ಜ್ವರ ಇಳಿಯುತ್ತದೆ. ಯಕೃತ್ತಿನಲ್ಲಿರುವ ಗಡ್ಡೆಗೆ ಅದು ತಾಗುವುದೇ ಇಲ್ಲ. ಅದನ್ನು ಕೊಲ್ಲುವುದು ಪ್ರೈಮಾಕ್ವಿನ್ ಎಂಬ ಬೇರೆ ಮಾತ್ರೆ. ಅದನ್ನು 14 ದಿನ ತಪ್ಪದೆ ತೆಗೆದುಕೊಳ್ಳಬೇಕಾಗುತ್ತದೆ.

ಇಲ್ಲಿಯೇ ಹೆಚ್ಚಿನವರು ತಪ್ಪುವುದು. ನಾಲ್ಕನೆಯ ದಿನ ಮೈ ಹಗುರವಾಗುತ್ತದೆ, ನಾಟಿಯ ಆಳುಗಳು ಬಂದಿರುತ್ತಾರೆ, ಮಾತ್ರೆಯ ನೆನಪು ಹೋಗುತ್ತದೆ. ಕೆಲವು ವಾರ ಅಥವಾ ತಿಂಗಳುಗಳ ನಂತರ, ಸೊಳ್ಳೆಯೇ ಕಾಣದ ಸುಗ್ಗಿಯ ಕಾಲದಲ್ಲಿ ಮತ್ತೆ ಜ್ವರ ಬಂದಾಗ ಔಷಧಿಯೇ ಸರಿಯಿಲ್ಲವೆಂದು ದೂರುತ್ತಾರೆ. ಬಹುಪಾಲು ಇಂತಹ ಸಂದರ್ಭಗಳಲ್ಲಿ ದೋಷ ಔಷಧಿಯದಲ್ಲ. ಗಡ್ಡೆ ತೆಗೆಯದೆ ಎಲೆ ಮಾತ್ರ ಕೆತ್ತಿದ್ದರ ಫಲ ಅದು. ಹೀಗೆ ಪ್ರತಿ ಸಲ ಮರುಕಳಿಸಿದಾಗಲೂ ರಕ್ತ ಕುಂದುತ್ತದೆ, ದುಡಿಯುವ ಶಕ್ತಿ ತಗ್ಗುತ್ತದೆ ಮತ್ತು ಮನೆಯ ಇತರರಿಗೆ ಹರಡಲು ಸೊಳ್ಳೆಗೆ ಅವಕಾಶ ಸಿಗುತ್ತದೆ.

ಮಾತ್ರೆಯ ತೂಕ ಬೇರೆ, ಮದ್ದಿನ ತೂಕ ಬೇರೆ

45 ಕಿಲೋ ಯೂರಿಯಾ ಚೀಲದಲ್ಲಿ 45 ಕಿಲೋ ಸಾರಜನಕವಿರುವುದಿಲ್ಲ, ಸುಮಾರು 20.7 ಕಿಲೋ ಮಾತ್ರ ಇರುತ್ತದೆಂದು ನಿಮಗೆ ಗೊತ್ತು. ಕ್ಲೋರೋಕ್ವಿನ್ ಮಾತ್ರೆಯಲ್ಲೂ ಹೀಗೆಯೇ. 250 ಮಿಲಿ ಗ್ರಾಂ ಕ್ಲೋರೋಕ್ವಿನ್ ಫಾಸ್ಫೇಟಿನಲ್ಲಿ ಮೂಲ ಮದ್ದು ಸುಮಾರು 150 ಮಿಲಿ ಗ್ರಾಂ. ಒಂದು ಪಟ್ಟಿಯ ಮೇಲೆ 250 ಎಂದೂ ಇನ್ನೊಂದರ ಮೇಲೆ 150 ಎಂದೂ ಇದ್ದರೆ ಎರಡೂ ಒಂದೇ ಆಗಿರಬಹುದು. 500 ಮಿಲಿ ಗ್ರಾಮಿನ ಮಾತ್ರೆಯೂ ಅಂಗಡಿಗಳಲ್ಲಿ ಸಿಗುತ್ತದೆ. ಅದು ಇದರ ಎರಡರಷ್ಟು. ಪ್ರೈಮಾಕ್ವಿನ್ ಕೂಡ 2.5, 7.5 ಮತ್ತು 15 ಮಿಲಿ ಗ್ರಾಂ ಅಳತೆಗಳಲ್ಲಿ ಬರುತ್ತದೆ. ಆದುದರಿಂದ ‘ನಾಲ್ಕು ಮಾತ್ರೆ’, ‘ಎರಡು ಮಾತ್ರೆ’ ಎಂಬ ಲೆಕ್ಕವನ್ನು ಬಾಯಿಂದ ಬಾಯಿಗೆ ದಾಟಿಸುವುದು ಅಪಾಯಕರ.

ರಾಷ್ಟ್ರೀಯ ಮಾರ್ಗಸೂಚಿ (2013) ಹೇಳುವ ಕ್ರಮವನ್ನು ನಿಮ್ಮ ತಿಳಿವಳಿಕೆಗಾಗಿ ಮಾತ್ರ ಇಲ್ಲಿ ಕೊಟ್ಟಿದೆ. ವೈವ್ಯಾಕ್ಸ್ ಮಲೇರಿಯಾದಲ್ಲಿ ಪ್ರತಿ ಕಿಲೋ ದೇಹತೂಕಕ್ಕೆ ಒಟ್ಟು 25 ಮಿಲಿ ಗ್ರಾಂ ಮೂಲ ಕ್ಲೋರೋಕ್ವಿನ್ ಅನ್ನು 3 ದಿನಗಳಿಗೆ 10, 10 ಮತ್ತು 5 ರಂತೆ ಹಂಚುತ್ತಾರೆ. ಇದರೊಂದಿಗೆ ಪ್ರತಿ ಕಿಲೋ ತೂಕಕ್ಕೆ 0.25 ಮಿಲಿ ಗ್ರಾಂ ಪ್ರೈಮಾಕ್ವಿನ್ ಅನ್ನು 14 ದಿನ ಕೊಡುತ್ತಾರೆ. ಫಾಲ್ಸಿಪಾರಂಗೆ ನಮ್ಮ ರಾಜ್ಯದಲ್ಲಿ 3 ದಿನ ಆರ್ಟಿಸುನೇಟ್, ಮೊದಲ ದಿನ ಅದರೊಂದಿಗೆ ಸಲ್ಫಡಾಕ್ಸಿನ್-ಪೈರಿಮೆಥಮಿನ್, ಎರಡನೆಯ ದಿನ ಒಂದೇ ಸಲ ಪ್ರೈಮಾಕ್ವಿನ್ ಎಂಬುದು ಆ ಮಾರ್ಗಸೂಚಿಯ ಕ್ರಮ. ಕಾರ್ಯಕ್ರಮದಡಿ ಕೊಡುವ ಈ ಮಾತ್ರೆಗಳ ಪಟ್ಟಿಗೆ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಬಣ್ಣವಿರುತ್ತದೆ. 15 ವರ್ಷ ಮೇಲ್ಪಟ್ಟವರದು ಬಿಳಿ. ದೊಡ್ಡವರ ಪಟ್ಟಿಯನ್ನು ಅಂದಾಜಿನಲ್ಲಿ ಮುರಿದು ಮಕ್ಕಳಿಗೆ ಕೊಡಬಾರದು. ನಿಮ್ಮ ತೂಕ, ವಯಸ್ಸು ಮತ್ತು ರೋಗದ ಬಗೆ ನೋಡಿ ವೈದ್ಯರು ಬರೆದ ಚೀಟಿಯೇ ನಿಮಗೆ ಪ್ರಮಾಣ.

ಆರ್ಟಿಸುನೇಟ್ ಬಗ್ಗೆ ಬೇಸಾಯಗಾರರಿಗೆ ಆಸಕ್ತಿಯೆನಿಸುವ ಒಂದು ಮಾತು. ಇದರ ಮೂಲವಸ್ತು ದೊರೆಯುವುದು ಆರ್ಟಿಮಿಸಿಯಾ ಎಂಬ ಗಿಡದ ಎಲೆಯಿಂದ. ಇದನ್ನು ಬೇರ್ಪಡಿಸಿದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಿಂದಿನ ಕ್ವಿನೈನ್ ಕೂಡ ಸಿಂಕೋನಾ ಮರದ ತೊಗಟೆಯಿಂದ ಬಂದದ್ದೇ. ಗಿಡದಿಂದ ಬಂದದ್ದೆಂಬ ಕಾರಣಕ್ಕೆ ಎಲೆಯ ಕಷಾಯ ಕುಡಿದರೆ ಸಾಕೆಂದು ತಿಳಿಯಬಾರದು. ಕಷಾಯದಲ್ಲಿ ಮದ್ದಿನ ಅಳತೆ ಗೊತ್ತಾಗುವುದಿಲ್ಲ. ಕಡಿಮೆ ಅಳತೆಯ ಮದ್ದು ರೋಗಾಣುವಿಗೆ ಅಭ್ಯಾಸವಾಗುತ್ತದೆ. ಕೀಟನಾಶಕವನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಮತ್ತೆ ಹೊಡೆದು ಕಾಯಿಕೊರಕ ಹುಳು ಜಗ್ಗದಂತಾದದ್ದನ್ನು ನೀವು ಹತ್ತಿಯಲ್ಲೂ ತೊಗರಿಯಲ್ಲೂ ಕಂಡಿದ್ದೀರಿ. ಇದೇ ಕಾರಣದಿಂದ ಆರ್ಟಿಸುನೇಟ್ ಮಾತ್ರೆಯನ್ನು ಜೊತೆಮದ್ದಿಲ್ಲದೆ ಒಂದನ್ನೇ ಮಾರುವುದನ್ನು ಭಾರತದಲ್ಲಿ ನಿಷೇಧಿಸಲಾಗಿದೆ.

ಮಾತ್ರೆ ತೆಗೆದುಕೊಳ್ಳುವ ಕ್ರಮ

1. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಡಿ. ಗಂಜಿ, ಮುದ್ದೆ, ಅನ್ನ ಏನಾದರೂ ಸ್ವಲ್ಪ ಉಂಡ ಮೇಲೆ ಒಂದು ಲೋಟ ನೀರಿನೊಂದಿಗೆ ನುಂಗಿರಿ.

2. ಮೊದಲ ದಿನದ ಮಾತ್ರೆಯನ್ನು ಆರೋಗ್ಯ ಕಾರ್ಯಕರ್ತರ ಅಥವಾ ಆಶಾ ಕಾರ್ಯಕರ್ತೆಯ ಎದುರಿಗೇ ನುಂಗುವುದು ಉತ್ತಮ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಅವರಿಗೆ ಕೂಡಲೇ ತಿಳಿಸಿ; ಆ ದಿನದ ಮಾತ್ರೆಯನ್ನು ಮತ್ತೆ ಕೊಡಬೇಕಾಗುತ್ತದೆ. ಮತ್ತೆ ಮತ್ತೆ ವಾಂತಿಯಾದರೆ ಆಸ್ಪತ್ರೆಗೆ ಹೋಗಬೇಕು.

3. ದಿನವೂ ಒಂದೇ ಹೊತ್ತಿಗೆ, ಉದಾಹರಣೆಗೆ ರಾತ್ರಿ ಊಟದ ನಂತರ, ತೆಗೆದುಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ 14 ದಿನಗಳನ್ನು ಗುರುತಿಸಿ, ನುಂಗಿದ ಮೇಲೆ ಆ ದಿನದ ಮೇಲೆ ಗೀಟು ಹಾಕಿ.

4. ಒಂದು ದಿನ ಮರೆತರೆ ಮರುದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ ಮುಂದುವರಿಸಿ.

5. ಹೊಟ್ಟೆಯುರಿಗೆ ತೆಗೆದುಕೊಳ್ಳುವ ಆ್ಯಂಟಾಸಿಡ್ ಔಷಧಿ ಕ್ಲೋರೋಕ್ವಿನ್ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಎರಡರ ನಡುವೆ ಕನಿಷ್ಠ 4 ಗಂಟೆಗಳ ಅಂತರವಿರಲಿ.

6. ಕ್ಲೋರೋಕ್ವಿನ್ ತೆಗೆದುಕೊಂಡವರಿಗೆ ತಲೆಸುತ್ತು, ಕಣ್ಣು ಮಂಜಾಗುವುದು, ಮೈ ತುರಿಕೆ ಕಾಣಿಸಬಹುದು. ಆ ದಿನಗಳಲ್ಲಿ ಅಡಿಕೆ ಮರ ಹತ್ತುವುದು, ಬೋರ್ಡೋ ದ್ರಾವಣ ಸಿಂಪಡಿಸುವುದು, ಟ್ರ್ಯಾಕ್ಟರು ಇಲ್ಲವೆ ಬೈಕು ನಡೆಸುವುದು ಬೇಡ. ಮದ್ಯವಂತೂ ಕೂಡದು.

7. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿಡಬೇಡಿ. ಕೀಟನಾಶಕದ ಅಥವಾ ದನಗಳ ಔಷಧಿಯ ಜೊತೆಗೂ ಇಡಬೇಡಿ. ಪುಟ್ಟ ಮಗು ದೊಡ್ಡವರ ಒಂದೆರಡು ಕ್ಲೋರೋಕ್ವಿನ್ ಮಾತ್ರೆ ನುಂಗಿದರೂ ಹೃದಯ ನಿಂತು ಸಾಯುವ ಸಂಭವವಿದೆ. ಹಾಗೆ ನುಂಗಿದೆಯೆಂದು ಅನುಮಾನ ಬಂದರೂ, ಮಗು ಚೆನ್ನಾಗಿರುವಂತೆ ಕಂಡರೂ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಮೊದಲೇ ಹೇಳಬೇಕಾದ ಸಂಗತಿಗಳು

ಮಾತ್ರೆ ಬರೆಯುವ ಮುನ್ನ ವೈದ್ಯರು ಕೇಳಲಿ, ಬಿಡಲಿ, ಈ ಸಂಗತಿಗಳನ್ನು ನೀವಾಗಿಯೇ ತಿಳಿಸಿ: ಗರ್ಭಿಣಿಯಾಗಿರುವುದು ಅಥವಾ ಮುಟ್ಟು ತಪ್ಪಿರುವುದು, ಎಳೆಗೂಸಿಗೆ ಹಾಲೂಡುತ್ತಿರುವುದು, ಮೂರ್ಛೆರೋಗ, ಹೃದ್ರೋಗ, ಸಕ್ಕರೆ ಕಾಯಿಲೆ ಮತ್ತು ಅವುಗಳಿಗೆ ನುಂಗುತ್ತಿರುವ ಮಾತ್ರೆಗಳು, ಹಿಂದೆ ಯಾವುದಾದರೂ ಔಷಧಿಯಿಂದ ಮೈಮೇಲೆ ದದ್ದು ಎದ್ದದ್ದು.

ಪ್ರೈಮಾಕ್ವಿನ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗರ್ಭಿಣಿಯರಿಗೂ ಒಂದು ವರ್ಷದೊಳಗಿನ ಕೂಸುಗಳಿಗೂ ಅದನ್ನು ಕೊಡುವುದಿಲ್ಲ. ಕೆಲವರ ರಕ್ತಕಣಗಳಲ್ಲಿ ಜಿ-6-ಪಿ-ಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಇದು ವಂಶದಲ್ಲಿ ಬರುವಂಥದು, ಗಂಡಸರಲ್ಲಿ ಹೆಚ್ಚು. ಅಂತಹವರು ಪ್ರೈಮಾಕ್ವಿನ್ ತೆಗೆದುಕೊಂಡರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ನಿಮಗಾಗಲಿ ಒಡಹುಟ್ಟಿದವರಿಗಾಗಲಿ ಹಿಂದೆ ಔಷಧಿ ತೆಗೆದುಕೊಂಡಾಗ ಮೂತ್ರ ಕಪ್ಪಾಗಿದ್ದುಂಟೇ ಎಂಬುದನ್ನು ನೆನಪಿಸಿಕೊಂಡು ಹೇಳಿ. ಈ ಕೊರತೆಯನ್ನು ಕಂಡುಹಿಡಿಯಲು ರಕ್ತಪರೀಕ್ಷೆ ಇದೆ.

ಪ್ರೈಮಾಕ್ವಿನ್ ನುಂಗುತ್ತಿರುವಾಗ ಮೂತ್ರವು ಕಡು ಚಹಾ ಬಣ್ಣಕ್ಕೆ ಅಥವಾ ಕಪ್ಪಿಗೆ ತಿರುಗಿದರೆ, ಕಣ್ಣು ಹಳದಿಯಾದರೆ, ತುಟಿ ಉಗುರುಗಳು ನೀಲಿಯಾದರೆ, ಏದುಸಿರು ಬಂದರೆ ಆ ಮಾತ್ರೆಯನ್ನು ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಹುದಾದ ಸಂದರ್ಭ ಇದು. ಬಾಯಿ ಕಹಿ, ಸ್ವಲ್ಪ ಹೊಟ್ಟೆ ತೊಳಸು ಇವು ನಿಲ್ಲಿಸಲು ಕಾರಣವಲ್ಲ.

ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಜ್ವರದವರಿಗೆ ಮಂಪರು, ಮಾತು ತಡಬಡಿಸುವುದು, ಸೆಳವು, ನಿಲ್ಲದ ವಾಂತಿ, ಉಸಿರಾಟದ ತೊಂದರೆ, ಮೂತ್ರ ಕಟ್ಟುವುದು, ಎದ್ದು ಕೂರಲಾರದಷ್ಟು ನಿಶ್ಶಕ್ತಿ, ರಕ್ತಸ್ರಾವ ಇವುಗಳಲ್ಲಿ ಯಾವುದೊಂದು ಕಂಡರೂ ಬಾಯಿಯ ಮಾತ್ರೆಯಿಂದ ಆಗುವ ಕೆಲಸವಲ್ಲ. 108 ವಾಹನ ಕರೆಸಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಸೇರಿಸಿರಿ. ಪೂರ್ತಿ ಚಿಕಿತ್ಸೆ ಪಡೆದ ಮೇಲೂ 28 ದಿನಗಳೊಳಗೆ ಜ್ವರ ಮರಳಿದರೆ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.

ತೋಟದ ಕೆಲಸಗಾರರನ್ನು ಮರೆಯಬೇಡಿ

ಇಂದು ನಮ್ಮ ಅಡಿಕೆ, ಕಾಫಿ ತೋಟಗಳ ಕೆಲಸಕ್ಕೆ ಹೊರರಾಜ್ಯಗಳಿಂದ ಜನ ಬರುತ್ತಾರೆ. ಒಡಿಶಾ, ಜಾರ್ಖಂಡ್, ಛತ್ತೀಸ್‌ಗಢದ ಕಾಡುಸೀಮೆಗಳಲ್ಲಿ ಫಾಲ್ಸಿಪಾರಂ ಮಲೇರಿಯಾ ಇನ್ನೂ ಇದೆ. ನಮ್ಮ ಊರಿನ ಹುಡುಗರೂ ಕೆಲಸಕ್ಕೋ ಓದಿಗೋ ಮಂಗಳೂರಿಗೆ ಹೋಗಿ ಬರುತ್ತಾರೆ. ಅಲ್ಲಿ ವೈವ್ಯಾಕ್ಸ್ ಬಹುಕಾಲದಿಂದ ಕಾಡಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಹೊರಗಿನಿಂದ ಬಂದವರನ್ನು ದೂರವಿಟ್ಟರೆ ಅವರು ಜ್ವರವನ್ನು ಮುಚ್ಚಿಡುತ್ತಾರೆ, ನಷ್ಟ ಇಡೀ ಊರಿಗೆ.

ಕೆಲಸಗಾರರು ಬಂದ ವಾರದಲ್ಲೇ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಯಾರಿಗಾದರೂ ಜ್ವರ ಬಂದರೆ ಪರೀಕ್ಷೆಗೆ ನೀವೇ ಕರೆದೊಯ್ಯಿರಿ, ಆ ದಿನದ ಕೂಲಿ ಕಡಿಯಬೇಡಿ. ಚಿಕಿತ್ಸೆಯ 14 ದಿನ ಮುಗಿಯುವ ಮೊದಲೇ ಅವರು ಬೇರೆ ತೋಟಕ್ಕೆ ಹೋಗುವುದಾದರೆ ಉಳಿದ ಮಾತ್ರೆ ಮತ್ತು ಚೀಟಿ ಅವರ ಕೈಯಲ್ಲಿರಲಿ, ಹೋಗುವ ಊರಿನ ಹೆಸರು ಆರೋಗ್ಯ ಕೇಂದ್ರಕ್ಕೆ ತಿಳಿದಿರಲಿ. ಅವರಿಗೆ ಕನ್ನಡ ಬಾರದಿದ್ದರೆ ಭಾಷೆ ಬಲ್ಲವರ ಮೂಲಕ ಕ್ರಮವನ್ನು ಎರಡು ಸಲ ಹೇಳಿಸಿರಿ.

ಗದ್ದೆ ಬಾವಿಗಳಲ್ಲಿ ಮಾಡಬಹುದಾದದ್ದು

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುವುದು ಹೆಚ್ಚಾಗಿ ತಿಳಿನೀರಿನಲ್ಲಿ: ಬಾವಿ, ಕೆರೆಯಂಚು, ಹುಲ್ಲು ಬೆಳೆದ ನಾಲೆ, ನಿಂತ ಗದ್ದೆನೀರು. ಅಡಿಕೆ ಹಾಳೆ, ತೆಂಗಿನ ಚಿಪ್ಪು, ಟೈರುಗಳ ನೀರಿನಲ್ಲಿ ಬೆಳೆಯುವುದು ಡೆಂಗ್ಯೂ ಸೊಳ್ಳೆ. ಎರಡನ್ನೂ ತಡೆಯಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರಕ್ಕೂ ಮಿಕ್ಕಿ ದಿನಗಳು ಬೇಕಾಗುವುದರಿಂದ, ಭತ್ತದ ಗದ್ದೆಯನ್ನು ವಾರಕ್ಕೊಮ್ಮೆ ನೀರು ಬಸಿದು ಒಂದೆರಡು ದಿನ ಆರಲು ಬಿಟ್ಟರೆ ಹುಳುಗಳು ಸಾಯುತ್ತವೆ. ತೆನೆ ಮೂಡುವ ಮತ್ತು ಹೂವಾಡುವ ಕಾಲದಲ್ಲಿ ಮಾತ್ರ ಗದ್ದೆ ಒಣಗಿಸಬೇಡಿ. ಇದರಿಂದ ನೀರೂ ಉಳಿಯುತ್ತದೆ. ಒಬ್ಬರ ಗದ್ದೆ ಮಾತ್ರ ಆರಿದರೆ ಫಲವಿಲ್ಲ, ಒಂದು ತೂಬಿನ ರೈತರೆಲ್ಲರೂ ಕೂಡಿ ಮಾಡಬೇಕು.

ಬಳಸುವ ಬಾವಿಗಳಲ್ಲಿ ಗಪ್ಪಿ ಮೀನು ಬಿಡುವ ಕ್ರಮವೂ ಉಪಯುಕ್ತ. ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ 1990ರ ದಶಕದಿಂದ ಬಾವಿ ಕೆರೆಗಳಿಗೆ ಹುಳು ತಿನ್ನುವ ಮೀನು ಬಿಟ್ಟು ಮಲೇರಿಯಾ ತಗ್ಗಿಸಿದ ಅನುಭವ ನಮ್ಮ ರಾಜ್ಯಕ್ಕಿದೆ. ಮೀನು ಬಿಡುವ ಮುನ್ನ ಆರೋಗ್ಯ ಇಲಾಖೆಯವರನ್ನು ಕೇಳಿರಿ. ರಾತ್ರಿ ತೋಟದ ಮನೆಯಲ್ಲಿ ಮಲಗುವವರು ಸೊಳ್ಳೆಪರದೆ ಬಿಡಬಾರದು.

ನೆನಪಿನಲ್ಲಿಡಿ

ಜ್ವರ ಬಂದ ಕೂಡಲೇ ರಕ್ತಪರೀಕ್ಷೆ. ರೋಗದ ಬಗೆ ತಿಳಿದ ಮೇಲೆ ಮಾತ್ರೆ. ಉಂಡ ಮೇಲೆ ನುಂಗುವುದು. ಜ್ವರ ಇಳಿದರೂ ಕೊನೆಯ ಮಾತ್ರೆಯವರೆಗೆ ಬಿಡದಿರುವುದು. ಮೂತ್ರ ಕಪ್ಪಾದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗುವುದು. ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡದಿರುವುದು.

ಸರಿಯಾಗಿ ಚಿಕಿತ್ಸೆ ಮುಗಿದರೆ ಮನೆಯಲ್ಲಿ ಮಾತ್ರೆ ಉಳಿಯುವ ಮಾತೇ ಇಲ್ಲ. ನಿಮ್ಮ ಗೂಡಿನಲ್ಲಿ ಹಳೆಯ ಮಲೇರಿಯಾ ಮಾತ್ರೆ ಇದ್ದರೆ ಅದು ಯಾರೋ ಚಿಕಿತ್ಸೆಯನ್ನು ನಡುವೆ ಬಿಟ್ಟದ್ದರ ಗುರುತು. ಅದನ್ನು ಯಾರಿಗೂ ಕೊಡದೆ ಆಶಾ ಕಾರ್ಯಕರ್ತೆಗೆ ಒಪ್ಪಿಸಿ, ಅದನ್ನು ಬಿಟ್ಟವರ ರಕ್ತಪರೀಕ್ಷೆ ಮಾಡಿಸಿರಿ.